ಹುಳುಮನೆಯಲ್ಲೊಂದು ಪದವಿ ಪರೀಕ್ಷೆ

ಕೈಲಾಂಚ ಹೋಬಳಿಯ ಸಮಸ್ತ ವಿದ್ವನ್ಮಣಿಗಳೇ, ಹಾಗೂ ಕೆಲಸವಿಲ್ಲದೆ ಫೋನ್ ಉಜ್ಜುತ್ತಿರುವ ಗೆಳೆಯರೇ!

ಇವತ್ತು ಬೆಳಿಗ್ಗೆ ದೊಡ್ಡ ವಿಶ್ವವಿದ್ಯಾಲಯದ ನನ್ನ ಆನ್‌ಲೈನ್ ಬಿ.ಕಾಂ. ಪರೀಕ್ಷೆ ನಮ್ಮ ರೇಷ್ಮೆಹುಳುವಿನ ಮನೆಯಲ್ಲಿ ನೆರವೇರಿತು. ಹುಳುಗಳಿಗೆ ರೋಗ ತಗುಲೀತೆಂದು ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ, ಹಾಗಾಗಿ ಮನೆಯಲ್ಲಿ ಏಕಾಂತದ ಜಾಗ ಅದೊಂದೇ.

ಹತ್ತೇ ನಿಮಿಷಕ್ಕೆ ಲ್ಯಾಪ್‌ಟಾಪಿನೊಳಗಿಂದ ಮೇಲ್ವಿಚಾರಕಿ ಗುಡುಗಿದರು: "ಯಾರೋ ಪಿಸುಗುಡ್ತಿದ್ದಾರೆ. ಪರೀಕ್ಷೆ ರದ್ದು ಮಾಡ್ತೀನಿ!"

"ಇಲ್ಲ ಮೇಡಂ, ಅದು ಹುಳ ಸೊಪ್ಪು ತಿನ್ನೋ ಸದ್ದು!"

"ಸುಳ್ಳು! ನಾನು ರೂಮ್ ನೋಡ್ಬೇಕು."

ಬಾಗಿಲಾಚೆಯಿಂದ ಅವ್ವ ಕೂಗಿದಳು: "ಯಾರ್ಲಾ ಅದು? ಒಳೀಕ್ ಬರಂಗಿದ್ರೆ ಕಾಲ್ ತೊಳ್ಕೊಂಡ್ ಬರಕ್ಕೇಳು!"

ನಾನು ಕ್ಯಾಮೆರಾ ತಿರುಗಿಸಿದೆ. ಸಾವಿರಾರು ಹುಳುಗಳು ಸರಸರನೆ ಮೇಯುತ್ತಿದ್ದವು. ಮೇಡಂ ಬೆರಗಾಗಿ ನೋಡಿ, "ಆಯ್ತು, ಬರೀರಿ" ಎಂದರು. ಪರೀಕ್ಷೆ ಉಳೀತು ಕಣ್ರಲಾ!

ಆದರೂ ಪಾಪ, ಹುಳುಗಳ ಮೇಲೆ ತಪ್ಪು ಹೊರಿಸಬಾರದಿತ್ತು. ಪಿಸುಗುಟ್ಟಿದ್ದು ನಾನೇ. ಬಾಯಿಬಿಟ್ಟು ಓದದಿದ್ದರೆ ನನಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.