ಆ ಕಾಮೆಂಟಿಗೆ ನಾನು ಕೊಟ್ಟ ಉತ್ತರ

ರತ್ನಕ್ಕ, ನೀವಿದ್ದ ಜಾಗವನ್ನು ನಿಮ್ಮ ಗಂಡನಿಗೆ ತಿಳಿಸಿದ್ದು ನಿಮ್ಮ ತಂಗಿ ಶಾರದಾ ಅಲ್ಲ. ನಾನು. ದಾರಿಯನ್ನೂ ನಾನೇ ಹೇಳಿದೆ — ಬನ್ನಿ ಎಂದು ಕರೆದೆ.

ರತ್ನ ಎಂಬುದು ನಿಮ್ಮ ಹೆಸರಲ್ಲ, ಉಳಿದ ಹೆಸರುಗಳೂ ನಿಜವಲ್ಲ. ಈಗ ನೀವಿರುವ ಊರನ್ನೂ ಇಲ್ಲಿ ಹೇಳುವುದಿಲ್ಲ. ಯಾರ ಕಣ್ಣಿಗೆ ಬೀಳುತ್ತದೋ ಎಂಬ ಭಯ. ಆ ಭಯ ಅವತ್ತೇ ಇರಬೇಕಿತ್ತು.

ನೀವು ಗಂಡನ ಹೊಡೆತ ತಾಳದೆ ಯಶವಂತನಗರದಿಂದ ಮಗಳನ್ನು ಕರೆದುಕೊಂಡು ಹೊಸಪೇಟೆಗೆ ಓಡಿ ಬಂದಾಗ, ನಮ್ಮ ಚರ್ಚಿನ ಫೇಸ್‌ಬುಕ್ ಪೇಜ್ ನನ್ನ ಕೈಯಲ್ಲಿತ್ತು. ವಾರವೆಲ್ಲ ಶಾಲೆಯಲ್ಲಿ ಕಂಪ್ಯೂಟರ್ ಪಾಠ, ಭಾನುವಾರ ಆರಾಧನೆಯ ಲೈವ್. ಲಾಕ್‌ಡೌನಿನಲ್ಲಿ ಮನೆಯಿಂದ ಹೊರಡಲಾಗದ ವಯಸ್ಸಾದವರಿಗೆಂದು ಶುರುಮಾಡಿದ ಸೇವೆ ಅದು. ಆಮೇಲೆ ಅದು — ಹೇಗೆ ಹೇಳಲಿ — ನನ್ನದೇ ಆಯಿತು. ಎಷ್ಟು ಜನ ನೋಡಿದರು, ಯಾರು ಆಮೆನ್ ಬರೆದರು ಎಂದು ಪ್ರಾರ್ಥನೆಯ ನಡುವೆಯೂ ಕಣ್ಣು ತೆರೆದು ನೋಡುತ್ತಿದ್ದೆ.

ಮೊದಲ ಸಲ ಬಂದ ದಿನವೇ ನೀವು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಿರಿ: “ಮೇಡಂ, ನನ್ನ ಮಾರಿ ಎಲ್ಲೂ ಬರಬಾರದ್ರಿ. ನಾ ಇಲ್ಲಿರೋದು ನನ್ನ ತಂಗಿ ಒಬ್ಬಾಕಿಗೇ ಗೊತ್ತು.”

“ಬರಂಗಿಲ್ಲಕ್ಕಾ. ನಾ ಅದೀನಲ್ಲ,” ಎಂದೆ.

ಕೆಲವು ತಿಂಗಳ ನಂತರ ಒಂದು ಭಾನುವಾರ, ದೇವರು ನಿಮಗೆ ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳಲು ನೀವು ಎದ್ದು ನಿಂತಿರಿ. ಕೊಟ್ಟ ಮಾತಿನಂತೆ ಲೈವ್ ನಿಲ್ಲಿಸಿದೆ. ಆದರೆ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. “ಈಗ ನನ್ನ ಮಗಳು ಬೆಚ್ಚಿ ಏಳಂಗಿಲ್ರಿ” ಎನ್ನುವಾಗ ನಿಮ್ಮ ಕಣ್ಣಲ್ಲಿ ನೀರು ತುಂಬಿತು. ಮನೆಗೆ ಹೋಗಿ ಅದನ್ನೇ ಮತ್ತೆ ಮತ್ತೆ ನೋಡಿದೆ. ಮೊದಲು ಬರೀ ಧ್ವನಿ ಹಾಕೋಣವೆಂದುಕೊಂಡೆ. ಆದರೆ ಆ ಮುಖವಿಲ್ಲದೆ ಯಾರೂ ನಿಂತು ನೋಡುವುದಿಲ್ಲ ಅನ್ನಿಸಿತು — ದೇವರ ಕೆಲಸವಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ‘ಹೊಸಪೇಟೆಯ ಸಹೋದರಿಯ ಕಣ್ಣೀರಿನ ಸಾಕ್ಷಿ’ ಎಂದು ಹೆಸರಿಟ್ಟು ಹಾಕಿಯೇಬಿಟ್ಟೆ.

ನಮ್ಮ ಪೇಜಿನಲ್ಲಿ ಯಾವುದನ್ನೂ ಅಷ್ಟು ಜನ ನೋಡಿರಲಿಲ್ಲ. ಕಾಮೆಂಟುಗಳ ನಡುವೆ ಈರಣ್ಣ ಎಂಬ ಒಬ್ಬರು ಕೇಳಿದ್ದರು: ‘ಈ ಚರ್ಚ್ ಎಲ್ಲಿ ಬರ್ತದ್ರಿ?’ ಹೊಸಬರೊಬ್ಬರು ಹುಡುಕಿಕೊಂಡು ಬರುತ್ತಿದ್ದಾರೆ ಎಂದು ಹಿಗ್ಗಿದೆ. ಬೀದಿ, ಗುರುತು, ಆರಾಧನೆಯ ಸಮಯ ಎಲ್ಲ ಬರೆದು, ಕೊನೆಗೆ ಕೈಮುಗಿಯುವ ಚಿತ್ರ ಹಾಕಿ — ‘ಭಾನುವಾರ ತಪ್ಪದೇ ಬನ್ನಿ, ನಿಮಗೆ ಸ್ವಾಗತ.’

ಅವನು ತಪ್ಪದೇ ಬಂದ.

ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಅವನು ನಿಮ್ಮ ಮಗಳ ರಟ್ಟೆ ಹಿಡಿದೆಳೆದ. ಬಿಡಿಸಲು ಹೋದ ನಿಮ್ಮನ್ನು ಮೆಟ್ಟಿಲಿನಿಂದ ನೂಕಿದ. ಗಂಡಸರು ಅವನನ್ನು ಹಿಡಿದುಕೊಂಡರು. ಮಗು ಅಳಲಿಲ್ಲ, ಉಚ್ಚೆ ಹೊಯ್ದುಕೊಂಡು ಸುಮ್ಮನೆ ನಿಂತಿತ್ತು. ಅದು ನನಗೆ ಈಗಲೂ —

ಆಸ್ಪತ್ರೆಯಲ್ಲಿ ಮುರಿದ ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ನಿಮ್ಮನ್ನು ಪೊಲೀಸರು ಗಂಡನ ಹೆಸರು ಕೇಳಿದರು. ನೀವು ತಡೆದು ತಡೆದು “ಈರಣ್ಣ” ಎಂದಿರಿ. ಕಾಮೆಂಟಿನಲ್ಲಿ ದಾರಿ ಕೇಳಿದ್ದವನ ಹೆಸರು. ಹೊರಗೆ ಹೋಗಿ ವಿಡಿಯೋ ಅಳಿಸಿದೆ. ಒಳಗೆ ಬಂದಾಗ ನೀವು ಕೇಳಿದಿರಿ: “ತಂಗಿ ಬಿಟ್ರ ಯಾರಿಗೂ ಗೊತ್ತಿರಲಿಲ್ರಿ. ಆಕೀನ ಹೇಳಿರ್ತಾಳೇನ್ರಿ?”

ನಿಮ್ಮ ಹತ್ತಿರ ಇದ್ದದ್ದು ಬಟನ್ ಫೋನು, ವಿಡಿಯೋ ನೋಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ:

“ಇರಬಹುದಕ್ಕಾ.”

ಸಂಜೆ ಶಾರದಾ ಮರಿಯಮ್ಮನಹಳ್ಳಿಯಿಂದ ರೊಟ್ಟಿ ಕಟ್ಟಿಕೊಂಡು ಓಡಿ ಬಂದಳು. ನೀವು ಗೋಡೆ ಕಡೆ ಹೊರಳಿದಿರಿ. ತಾನು ಹೇಳಿಲ್ಲವೆಂದು ಅವಳು ತನ್ನ ಮಗುವಿನ ಮೇಲೆ ಆಣೆ ಮಾಡಿದಳು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಪೇಜಿನಲ್ಲಿ ಏನಾದರೂ ಹಾಕಿದ್ದೆಯಾ ಎಂದು ಪಾಸ್ಟರ್ ಕೇಳಿದಾಗ, ಬರೀ ಹಾಡು ಹಾಕಿದ್ದೆ ಎಂದೆ. ವಿಡಿಯೋ ನೋಡಿದ್ದ ಒಂದಿಬ್ಬರು ನನ್ನ ಮುಖ ನೋಡಿ ಸುಮ್ಮನಾದರು. ಆಮೇಲೆ ಅವರು ಎದುರಾದಾಗಲೆಲ್ಲ, ಇವತ್ತು ಬಾಯಿಬಿಡುತ್ತಾರೆ ಎಂದು ದಾರಿ ಬದಲಿಸುತ್ತಿದ್ದೆ. ಪೇಜನ್ನು ಬೇರೆಯವರಿಗೆ ಒಪ್ಪಿಸಿದೆ. ಭಯವನ್ನು ಯಾರಿಗೂ ಒಪ್ಪಿಸಲಾಗಲಿಲ್ಲ.

ನೀವು ತಂಗಿಗೂ ತಿಳಿಸದೆ ದೂರದ ಊರಿಗೆ ಹೋದಿರಿ. ಹೋಗುವಾಗ ಅಲ್ಲಿಯ ವಿಳಾಸವನ್ನು ಪಾಸ್ಟರ್ ಬಿಟ್ಟರೆ ನನಗೊಬ್ಬಳಿಗೇ ಕೊಟ್ಟಿರಿ — ನಂಬಿ.

ಕಳೆದ ವಾರ ಬಸ್ ಸ್ಟ್ಯಾಂಡಿನಲ್ಲಿ ಶಾರದಾ ಸಿಕ್ಕಳು. ನಮ್ಮ ಸುತ್ತ ಜನ ತುಂಬಿದ್ದರು. “ಅಕ್ಕನ ಊರು ಕೇಳಂಗಿಲ್ರಿ. ಜೀವಂತ ಅದಾಳಂತ ಅಷ್ಟ ಹೇಳ್ರಿ, ಸಾಕು,” ಎಂದಳು. ಅಲ್ಲೇ ಬೆಂಚಿನ ಮೇಲೆ ಕೂತು ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನ ಅಂಚು ಹಿಂಡುತ್ತಾ ಕೇಳಿದಳು:

“ಅಕ್ಕಗ ಹೇಳೀರೇನು?”

“ಇಲ್ಲ.”

“ನನ್ನ ಮುಂದ ಯಾಕ ಅಳ್ತೀರಿ ಮತ್ತ? ಹೋಗಿ ಆಕಿಗೆ ಹೇಳ್ರಿ.”

ಪಾಸ್ಟರಿಗೂ ಹೇಳಿದ್ದೇನೆ. ನಾಳೆ ನಾನೊಬ್ಬಳೇ ನಿಮ್ಮಲ್ಲಿಗೆ ಬರುತ್ತಿದ್ದೇನೆ. ಶಾರದಾಗೆ ಊರಿನ ಹೆಸರು ಹೇಳಿಲ್ಲ. ಅದನ್ನು ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು. ನನಗೆ ಭಯವಿದೆ ರತ್ನಕ್ಕ, ನಿಮ್ಮ ಮಗಳು ಬಾಗಿಲು ತೆಗೆದು ನನ್ನನ್ನು ಕಂಡು ನಕ್ಕುಬಿಟ್ಟರೆ ಎಂಬ ಭಯ. ನಕ್ಕರೂ ಒಳಗೆ ಬರುವುದಿಲ್ಲ. ಹೊಸಿಲಾಚೆ ನಿಂತೇ ಹೇಳುತ್ತೇನೆ.