ಮಾಸ್ತರರ ಮೆಕ್ಸಿಕನ್ ಹುಲ್ಲು, ನನ್ನ ಕರಕಿ

ಪಕ್ಕದ ಮನೆಯ ಕಾಕು ಮೊಣಕಾಲಿನ ಆಪರೇಶನ್ ಮುಗಿಸಿಕೊಂಡು ವಿಜಯಪುರದಿಂದ ಇಂಡಿಗೆ ಮರಳಿದ್ದು ನಾಗರಪಂಚಮಿಯ ಮರುದಿನ. ಇದು ನನ್ನ ಡೈರಿಯಲ್ಲಿದೆ. ಗ್ಯಾಸ್ ಸಿಲಿಂಡರ್ ಬದಲಿಸಿದ್ದು, ನಳ ಬಂದದ್ದು, ಕಟಿಂಗ್ ಮಾಡಿಸಿದ್ದು, ಎಲ್ಲವನ್ನೂ ನಾನು ಬರೆದಿಡುತ್ತೇನೆ. ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಹತ್ತಿದ ಚಟ ಎಂದು ಅವ್ವ ಹೇಳುತ್ತಾಳೆ. ಅದು ಸುಳ್ಳು. ಸಾಲಿಯಲ್ಲಿದ್ದಾಗಲೇ ಯಾರು ಎಷ್ಟು ದಿನ ನನ್ನ ರಬ್ಬರ್ ಇಟ್ಟುಕೊಂಡಿದ್ದರು ಎಂದು ಬರೆದಿಡುತ್ತಿದ್ದೆ.

ಡಾಕ್ಟರು ಕಾಕುಗೆ ಹೇಳಿದ್ದು ಒಂದೇ ಮಾತು. ದಿನವೂ ಮುಂಜಾನೆ ಸಂಜೆ ಮೆತ್ತನೆಯ ನೆಲದ ಮೇಲೆ ನಡೆಯಬೇಕು. ದೀಪಾವಳಿಯ ಮುಂಚೆ ಕಾಲು ನೋಡುತ್ತಾರೆ. ಅಷ್ಟರೊಳಗೆ ಮೊಣಕಾಲು ಸರಿಯಾಗಿ ಮಡಚದಿದ್ದರೆ ಮತ್ತೆ ದವಾಖಾನೆಯಲ್ಲಿ ಮಲಗಿಸಿ, ಮಂಪರು ಕೊಟ್ಟು, ಕೈಯಿಂದ ಒತ್ತಿ ಮಡಚಬೇಕಾಗುತ್ತದೆ.

"ಕೊಯ್ದಿದ್ದಕ್ಕ ನಾ ಅಂಜಲಿಲ್ಲವಾ," ಎಂದಳು ಕಾಕು ಅವ್ವನಿಗೆ. "ಆದ್ರ ಎಚ್ಚರಿಲ್ಲದಾಗ ಯಾರೋ ನನ್ನ ಕಾಲು ಹಿಡದು ಕಟಕ್ಕನ ಮುರಿದಂಗ ಮಡಚ್ತಾರಂತಲ್ಲ, ಅದು ನೆನಸಿದ್ರ ನಿದ್ದಿ ಬರವಲ್ತು."

ನಮ್ಮ ಕಾಲನಿಯಲ್ಲಿ ಮೆತ್ತನೆಯ ನೆಲ ಇರುವುದು ಮಳೆಗಾಲದಲ್ಲಿ ಮಾತ್ರ, ಆಗ ಅದರಲ್ಲಿ ಚಪ್ಪಲಿ ಉಳಿದು ಕಾಲು ಮಾತ್ರ ಮನೆಗೆ ಬರುತ್ತದೆ. ಎರಿ ಮಣ್ಣಿನ ರಸ್ತೆಗೆ ಖಡಿ ಹಾಕಿ ಹೋದವರು ರೋಲರ್ ತರುವುದನ್ನು ಮರೆತಿದ್ದಾರೆ. ಕಾಕುನ ಗಂಡ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಆ ರಸ್ತೆಯಲ್ಲಿ ಹೆಂಡತಿಯನ್ನು ವಾಕರ್ ಹಿಡಿಸಿ ನಡೆಸುವುದು ಆಗದ ಮಾತು ಎಂದು ಅವರಿಗೆ ಮೊದಲ ದಿನವೇ ತಿಳಿಯಿತು. ಆ ವಾರವೇ ಮನೆಯ ಮುಂದಿನ ಅಂಗಳ ಅಗೆಸಿ, ಕೆಂಪು ಮಣ್ಣು ಹಾಕಿಸಿ, ವಿಜಯಪುರದ ನರ್ಸರಿಯಿಂದ ಟಂಟಂ ಗಾಡಿಯಲ್ಲಿ ಹುಲ್ಲಿನ ಹಾಸು ತರಿಸಿದರು. ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲು. ಮೆಕ್ಸಿಕನ್ ಅಂತ ಅದರ ಹೆಸರು.

ಮೂರು ದಿನ ನಾನು ಪರ್ಸಿಕಲ್ಲಿನ ಬೇಲಿಯ ಈ ಕಡೆ ನಿಂತು ಅದನ್ನು ನೋಡಿದೆ. ನಮ್ಮೆರಡು ಮನೆಗಳ ನಡುವೆ ಸೊಂಟದೆತ್ತರದ ಪರ್ಸಿಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನೆಲದಲ್ಲಿ ಹುಗಿದು ನಿಲ್ಲಿಸಿದ್ದಾರೆ. ನಾಲ್ಕನೆಯ ದಿನ ಅವ್ವ ಕಸ ಹೊಡೆಯುತ್ತ, "ಎಷ್ಟ ಚಂದ ಕಾಣ್ತೈತಿ ನೋಡ," ಎಂದಳು. ಅವಳು ಹೇಳಿದ್ದು ಅಷ್ಟೇ. ಮುಂದಿನ ರವಿವಾರ ನಮ್ಮ ಅಂಗಳವನ್ನೂ ಅಗೆಸಿದೆ.

ನಮ್ಮ ಮನೆಯಲ್ಲಿ ಯಾರಿಗೂ ಮೊಣಕಾಲು ನೋವಿರಲಿಲ್ಲ. ಅಂಗಳದಲ್ಲಿ ಮೆಣಸಿನಕಾಯಿ, ಸಂಡಿಗೆ ಒಣಗಿಸುತ್ತಿದ್ದ ಅವ್ವನಿಗೆ ಇನ್ನು ಮಾಳಿಗೆ ಹತ್ತಬೇಕಾಗಿ ಬಂದು ಆ ಕೊರತೆಯನ್ನೂ ನಾನೇ ನೀಗಿಸಿದೆ.

ಮಾಸ್ತರರದೇ ಹುಲ್ಲು ತಂದರೆ ನಕಲು ಎನಿಸೀತೆಂದು ನಾನು ಬೇರೆ ಜಾತಿ ತಂದೆ. ಬಸವನ ಬಾಗೇವಾಡಿಯ ಕಡೆಯಿಂದ ಬರುವ ನಮ್ಮ ಕಚೇರಿಯ ಒಬ್ಬರು ಒಂದು ನರ್ಸರಿ ತೋರಿಸಿದರು. ಅಲ್ಲಿಯವ ಇದು ಬರ್ಮುಡಾ, ಕ್ರಿಕೆಟ್ ಮೈದಾನಕ್ಕೆಲ್ಲ ಹಾಕುವುದು ಇದನ್ನೇ, ಬಿಸಿಲಿಗೆ ಜಗ್ಗುವುದಿಲ್ಲ ಎಂದ. ಎರಡು ಚೀಲ ಬೇರು ತಂದು ಅಳತೆಯ ದಾರ ಕಟ್ಟಿ ಸಾಲಿನಲ್ಲಿ ನೆಟ್ಟೆ. ಡೈರಿಯಲ್ಲಿ ಹೊಸ ಪುಟ ತೆರೆದೆ. ಹುಲ್ಲಿನ ಎತ್ತರ, ಬಣ್ಣಕ್ಕೆ ಹತ್ತರಲ್ಲಿ ಎಷ್ಟು ಅಂಕ, ಮತ್ತು ಗೇಟಿನ ಮುಂದೆ ನಿಂತು ನೋಡಿದವರ ಸಂಖ್ಯೆ, ಮಾಸ್ತರರ ಕಡೆ ಎಷ್ಟು, ನನ್ನ ಕಡೆ ಎಷ್ಟು. ಮೊದಲ ರವಿವಾರ ಮಾಸ್ತರರಿಗೆ ಒಂಬತ್ತು, ನನಗೆ ಎರಡು. ಆ ಎರಡರಲ್ಲಿ ಒಂದು ಆಕಳು.

"ಸಾಹೇಬ್ರು ಭತ್ತ ಹಚ್ಚ್ಯಾರೇನ?" ಎಂದರು ಮಾಸ್ತರರು ಕಲ್ಲಿನ ಮೇಲೆ ಮೊಣಕೈ ಊರಿ. ಅವರು ನನಗೆ ಸಾಹೇಬ್ರು ಎನ್ನುವುದು ಕಾಲೆಳೆಯುವಾಗ ಮಾತ್ರ.

"ಲಾನ್ ರೀ ಮಾಸ್ತರ. ಒಂದ ತಿಂಗಳ ತಡೀರಿ."

"ತಡೀತೇನಿ. ರಿಟೈರ್ಡ್ ಆಗೇನಿ, ನನಗೇನ ಕೆಲಸ ಐತಿ?"

ನಳ ನಾಲ್ಕೈದು ದಿನಕ್ಕೊಮ್ಮೆ ಬರುವ ಊರಿನಲ್ಲಿ ಹುಲ್ಲಿಗೆ ನೀರು ಹೊಂದಿಸುವುದು ಒಂದು ವಿದ್ಯೆ. ಮಾಸ್ತರರು ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರನ್ನು ಪ್ರತ್ಯೇಕ ಬಕೆಟ್ಟಿನಲ್ಲಿ ಹಿಡಿಯುತ್ತಿದ್ದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಬಚ್ಚಲದ ನೀರನ್ನು ಪೈಪ್ ಹಾಕಿ ಹೊರಗೆ ತಿರುಗಿಸಿದೆ. ಸೋಪಿನ ನೀರು ಹುಲ್ಲಿಗೆ ಆಗುವುದಿಲ್ಲವೆಂದು ಗೊತ್ತಾದಾಗ ಕಡಲೆಹಿಟ್ಟು ಹಚ್ಚಿಕೊಂಡು ಜಳಕ ಮಾಡತೊಡಗಿದೆ. ಕಚೇರಿಯಲ್ಲಿ ಪಕ್ಕದ ಟೇಬಲ್ಲಿನವರು, ಯಾರ ಡಬ್ಬಿಯಲ್ಲಿ ಭಜಿ ಇದೆ ಎಂದು ಎರಡು ಸಲ ಕೇಳಿದರು. ನಾನು ಫೈಲಿನಿಂದ ಮುಖ ಎತ್ತಲಿಲ್ಲ.

ಈ ನಡುವೆ ಕಾಕು ಎಲ್ಲಿ ನಡೆಯುತ್ತಿದ್ದಳು ಎಂದರೆ, ಒಳಗಿನ ಪಡಸಾಲೆಯ ನುಣುಪು ಫರಸಿಯ ಮೇಲೆ, ಮಂಚದ ಸುತ್ತ, ಜಾರುವ ಭಯದಲ್ಲಿ ವಾಕರನ್ನು ಬಿಗಿಹಿಡಿದು. ಹುಲ್ಲಿನ ಮೇಲೆ ಕಾಲಿಡಲು ಕೇಳಿದಾಗಲೆಲ್ಲ ಮಾಸ್ತರರು, "ಬೇರು ಹಿಡೀಲಿ, ಇನ್ನ ಎಂಟ ದಿನ ತಡಿ," ಎನ್ನುತ್ತಿದ್ದರು. ನನ್ನ ಹುಲ್ಲು ಬೆಳೆಯುತ್ತ ಹೋದಂತೆ ಅವರ ಎಂಟು ದಿನ ಮುಂದೆ ಮುಂದೆ ಹೋಗುತ್ತಿತ್ತು.

ಗಣೇಶ ಚೌತಿಗೆ ನಾಲತವಾಡದ ಹತ್ತಿರದ ನಮ್ಮೂರಿನಿಂದ ಅಪ್ಪ ಬಂದ. ಗೇಟು ತೆರೆದವನು ಅಲ್ಲೇ ನಿಂತ. ಬಗ್ಗಿ ಒಂದು ಬಳ್ಳಿ ಕಿತ್ತು ಗಿಣ್ಣು ನೋಡಿದ.

"ಇದನ್ನ ಯಾರ ತಂದಾರ?"

"ನಾನ ತಂದೇನಿ. ಬರ್ಮುಡಾ ಅಂತ."

"ರೊಕ್ಕ ಕೊಟ್ಟ?"

"ಹೌದು."

ಅಪ್ಪ ಆ ಬಳ್ಳಿಯನ್ನು ನನ್ನ ಕೈಗೆ ಕೊಟ್ಟ. "ಇದು ಕರಕಿ," ಎಂದ. "ನಿಮ್ಮಜ್ಜ, ನಾನು, ಬ್ಯಾಸಗಿ ತುಂಬ ಹಾರಿ ಹಿಡಕೊಂಡ ಆಳುದ್ದ ಅಗದ ಅಗದ ಹೊಲದಾಗಿಂದ ಹೊರಗ ಹಾಕಿದ್ದು ಇದನ್ನ. ಒಂದ ಗಿಣ್ಣ ಉಳದ್ರ ಎರಡ ವರ್ಷದಾಗ ಹೊಲ ತಿಂತೈತಿ. ಹೇಳಿದ್ರ ನಾನ ಚೀಲ ತುಂಬಿ ಕಳಸ್ತಿದ್ನೆಲ್ಲ."

ಕಲ್ಲಿನಾಚೆ ಮಾಸ್ತರರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಚೌತಿಯ ಮುಂಜಾನೆ ಸುದ್ದಿ ಕಾಲನಿಗೆಲ್ಲ ಮುಟ್ಟಿತ್ತು. ಗಣಪತಿಗೆ ಏರಿಸುವ ಗರಿಕೆ ಅಂದರೆ ಇದೇ ಕರಕಿ; ಅದು ಬೇಕೆಂದು ಜನ ತಾಟು ಹಿಡಿದು ಬಂದರು. ದೇವರ ಹೆಸರಿನಲ್ಲಿ ಬಂದವರಿಗೆ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಹತ್ತು ಗಂಟೆಯ ಹೊತ್ತಿಗೆ ನನ್ನ ಲಾನು ಕುರುಚಲು ಗಡ್ಡ ಅರ್ಧ ಬೋಳಿಸಿದಂತೆ ಕಾಣುತ್ತಿತ್ತು. ಆದರೂ ಆ ದಿನ ಗೇಟಿನಲ್ಲಿ ನಿಂತವರ ಸಂಖ್ಯೆ ನನ್ನದು ನಲವತ್ತೊಂದು, ಮಾಸ್ತರರದು ಸೊನ್ನೆ. ಮೆಕ್ಸಿಕನ್ ಹುಲ್ಲನ್ನು ಗಣಪತಿ ಕೇಳುವುದಿಲ್ಲ. ಡೈರಿಯಲ್ಲಿ ಇದನ್ನು ಎರಡು ಗೆರೆ ಎಳೆದು ಬರೆದೆ.

ಆ ಸೋಲು ಮಾಸ್ತರರಿಗೆ ನಾಟಿತು. ಅದಕ್ಕಿಂತ ಹೆಚ್ಚು ನಾಟಿದ್ದು ನನ್ನ ಕರಕಿ ಕಲ್ಲಿನ ಬುಡದಿಂದ ನುಸುಳಿ ಅವರ ಹಾಸಿನೊಳಗೆ ತಲೆ ಎತ್ತಿದ್ದು. ದಿನಾ ಮುಂಜಾನೆ ಅದನ್ನು ಕಿತ್ತು ಕಟ್ಟು ಕಟ್ಟಿ ಕಲ್ಲಿನ ಮೇಲಿಡುತ್ತಿದ್ದರು.

"ನಿಮ್ಮ ಮಂದಿ ನಮ್ಮನ್ಯಾಗ ಬಂದಿದ್ರು. ವಾಪಸ್ ಕಳಿಸೇನಿ."

ಹುಲ್ಲಿಗೆ ಬಲ ಕೊಡಬೇಕೆಂದು ಅವರು ಮಾಡಿದ ಕೆಲಸ ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವಂಥದು. ಅವರದು ಸಿಂದಗಿ ಕಡೆಯ ಕುರುಬರ ಮನೆತನ, ತಮ್ಮನ ಕುರಿ ಹಿಂಡು ಈಗಲೂ ಊರೂರು ತಿರುಗುತ್ತದೆ. ರೈತರು ಆ ಹಿಂಡನ್ನು ಹೊಲದಲ್ಲಿ ತಂಗಿಸಿಕೊಂಡು ಗೊಬ್ಬರ ಮಾಡಿಸುತ್ತಾರೆ. ಹೊಲಕ್ಕೆ ಆಗುವುದು ಲಾನಿಗೆ ಯಾಕಾಗಬಾರದು ಎಂದು ಮಾಸ್ತರರು ಸಾಲೋಟಗಿ ಹತ್ತಿರ ಬಂದಿದ್ದ ತಮ್ಮನಿಂದ ಹನ್ನೆರಡು ಕುರಿ ತರಿಸಿ ಒಂದು ರಾತ್ರಿ ಅಂಗಳದಲ್ಲಿ ಕೂಡಿಸಿದರು. ಹೊಲದಲ್ಲಿ ಗುಂಟೆಗಟ್ಟಲೆ ಹರಡಬೇಕಾದ ಕೊಡುಗೆ ಅಂಗಳದಷ್ಟು ಜಾಗಕ್ಕೆ ಬಿತ್ತು. ವಾರದೊಳಗೆ ಮೆಕ್ಸಿಕನ್ ಹುಲ್ಲಿನ ಮೇಲೆ ತಾಟಿನಗಲದ ಹಳದಿ ಸುಟ್ಟ ಗುರುತುಗಳೆದ್ದವು.

ಬಣ್ಣಕ್ಕೆ ಅವರಿಗೆ ಹತ್ತರಲ್ಲಿ ಮೂರು ಕೊಟ್ಟೆ. ಅಂದು ಸಂಜೆ ಕಾಕು ಕಟ್ಟೆಯಗುಂಟ ನಡೆದು ಕಲ್ಲಿನ ಹತ್ತಿರ ಬಂದು ನಿಂತಳು.

"ತಮ್ಮಾ, ಅವರು ಸುಟ್ಟಿದ್ದು ಚಿಗರೂತನಾ ಕಾಲ ಇಡಗೊಡೂದಿಲ್ಲ. ನಿನ್ನ ಹುಲ್ಲಿನ ಮ್ಯಾಲ ನಾಕ ಹೆಜ್ಜಿ ಹಾಕಲೇನ?"

"ಬರ್ರಿ ಕಾಕು. ಆದ್ರ ಇವತ್ತ ಗೊಬ್ಬರ ಹಾಕೇನ್ರಿ, ಕಾಲಿಗೆ ಹತ್ತತೈತಿ. ಎಂಟ ದಿನ ಬಿಟ್ಟ..."

ಮಾತು ನನ್ನದೇ ಬಾಯಿಂದ ಬಂತು, ಆದರೆ ಧ್ವನಿ ಮಾತ್ರ ಮಾಸ್ತರರದು. ಕಾಕು ನನ್ನನ್ನು ನೋಡಿದಳು, ಹುಲ್ಲನ್ನು ನೋಡಿದಳು, ಒಳಗೆ ಹೋದಳು.

ದಸರೆಯ ಖಂಡೆ ಪೂಜೆಯ ಹಿಂದಿನ ದಿನ ಅವಳನ್ನು ವಿಜಯಪುರಕ್ಕೆ ತೋರಿಸಲು ಕರೆದೊಯ್ದರು. ಡಾಕ್ಟರು ಕೋನ ಅಳೆಯುವ ಪಟ್ಟಿ ಇಟ್ಟು ನೋಡಿ, ಮಡಚುವುದು ಏನೂ ಸಾಲದು, ಇನ್ನು ಮೂರು ವಾರ ಅಷ್ಟೇ, ಆಮೇಲೆ ಮಲಗಿಸಿಯೇ ಮಡಚಬೇಕು ಎಂದರಂತೆ. ಎಲ್ಲಿ ನಡೆಯುತ್ತೀರಿ ಎಂದು ಕೇಳಿದಾಗ ಮಾಸ್ತರರು, "ಲಾನ್ ಮಾಡಿಸೇನ್ರಿ," ಎಂದರಂತೆ. ಇದನ್ನೆಲ್ಲ ಹೇಳಿದ್ದು ಮಾಸ್ತರರೇ, ಮಾರನೆಯ ಮುಂಜಾನೆ ಪೂಜೆಯ ಹೊತ್ತಿನಲ್ಲಿ, ನೆಲ ನೋಡುತ್ತ.

ಅವರ ಮಾತು ಮುಗಿಯುವ ಮೊದಲೇ ಕಾಕು ವಾಕರ್ ಹಿಡಿದು ಮೆಟ್ಟಿಲಿಳಿದಳು. ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಕಾಲಿಟ್ಟಳು. ಗೋಡೆಯಿಂದ ಕಲ್ಲಿನವರೆಗೆ ಕೆಲವೇ ಹೆಜ್ಜೆ, ತಿರುಗಬೇಕು. ಮತ್ತೆ ಕೆಲವು ಹೆಜ್ಜೆ, ಮತ್ತೆ ತಿರುಗಬೇಕು. ತಿರುಗುವಾಗಲೇ ಅವಳ ಮುಖ ಕಿವುಚುತ್ತಿತ್ತು. ನಾಲ್ಕನೆಯ ಸಲ ಕಲ್ಲಿನ ಹತ್ತಿರ ಬಂದು ನಿಂತಳು.

"ನಡಿಯೂದಕ್ಕ ನೋವಿಲ್ಲ, ಹೊಳ್ಳೂದಕ್ಕ ನೋವು. ಇಲ್ಲಿ ಬರೇ ಹೊಳ್ಳೂದ ಆಗೇತಿ. ಈ ಕಲ್ಲ ತಗೀರಿ. ಆ ಮನಿ ಗೋಡಿ ತನಾ ಸೀದಾ ಹೋಗತೇನಿ."

"ತಗಿಯೂಣು. ಆದ್ರ ಇವತ್ತ ಖಂಡೆ ಪೂಜಾ," ಎಂದರು ಮಾಸ್ತರರು. "ಹಾರಿ ಪೂಜಾಕ್ಕ ಇಟ್ಟೇವಿ. ನಾಳೆ ದಸರಾ ತನಕ ಮುಟ್ಟೂಹಂಗಿಲ್ಲ."

ಅವರ ಮಾತು ನಿಜ. ಕಟ್ಟೆಯ ಮೇಲೆ ಹಾರೆ, ಸಲಿಕೆ, ಕುಡಗೋಲು, ಮಾಸ್ತರರ ಹಳೆಯ ಬ್ರಶ್ಶುಗಳು ಕುಂಕುಮ ಹಚ್ಚಿಕೊಂಡು ಚೆಂಡುಹೂವಿನ ಕೆಳಗೆ ಕುಳಿತಿದ್ದವು. ನಮ್ಮ ಮನೆಯದೂ ಹಾಗೇ.

"ಪೂಜಾ ಮಾಡಿದಾಕಿ ನಾನ," ಎಂದಳು ಕಾಕು. "ಹಾರಿಗೆ ನಾ ಕೇಳಕೋತೇನಿ. ನೀವು ಎರಡ ತಿಂಗಳ ಹುಲ್ಲಿಗೆ ಪೂಜಾ ಮಾಡೀರಿ, ಅದರ ಮ್ಯಾಲೂ ಯಾರೂ ಕಾಲ ಇಡಲಿಲ್ಲ. ನೀನೂ ಬಾ ತಮ್ಮಾ. ಗೊಬ್ಬರ ಆರೇತಿಲ್ಲ ಈಗ?"

ನಮ್ಮವ್ವ ಒಳಗಿನಿಂದ ಬಂದು, ಹಾರೆಯ ಮೇಲಿನ ಹೂ ತೆಗೆದು, ಕೈಮುಗಿದು, ಅದನ್ನು ನನ್ನ ಕೈಗೆ ಕೊಟ್ಟಳು. ಅವಳಿಗೂ ನನ್ನ ಲಾನಿನ ಮೇಲೆ ಎರಡು ತಿಂಗಳಿಂದ ಹೇಳುವುದಿತ್ತು, ಹಾರೆ ಕೊಟ್ಟ ರೀತಿಯಲ್ಲೇ ತಿಳಿಯಿತು.

ಮೂರು ಕಲ್ಲು ಕಿತ್ತೆವು. ಒಂದೊಂದಕ್ಕೂ ಮಾಸ್ತರರು ಒಂದು ಕಡೆ, ನಾನು ಒಂದು ಕಡೆ. ಅವರು, "ನನ್ನ ಕಡೆ ಕಡಿಮಿ ಅಗೀರಿ," ಎನ್ನುತ್ತಿದ್ದರು, ನಾನೂ ಅದನ್ನೇ ಹೇಳುತ್ತಿದ್ದೆ. ಮೂರನೆಯ ಕಲ್ಲು ಎದ್ದಾಗ ಬುಡದಲ್ಲಿ ನನ್ನ ಕರಕಿಯ ಬೇರು ಹಗ್ಗದಂತೆ ಆಚೆ ಹೋಗಿರುವುದು ಕಂಡಿತು. ಮಾಸ್ತರರು ಅದನ್ನು ತೋರಿಸಿ ಏನೋ ಹೇಳಹೊರಟರು. ಅಷ್ಟರಲ್ಲಿ ಕಾಕು ಆ ತಗ್ಗಿಗೆ ಮಣ್ಣು ತುಳಿಸಿ, ಅದನ್ನು ದಾಟಿ ನಮ್ಮ ಅಂಗಳಕ್ಕೆ ಬಂದಳು. ಕೊನೆಯ ಗೋಡೆಯವರೆಗೆ ಸೀದಾ ಹೋಗಿ, ಅಲ್ಲಿ ನಿಧಾನಕ್ಕೆ ತಿರುಗಿದಳು.

ಆಮೇಲಿನ ಮೂರು ವಾರ ಮುಂಜಾನೆ ಸಂಜೆ ಅದೇ ದಾರಿ. ಮೊದಲ ವಾರ ವಾಕರ್ ಜೊತೆ, ಎರಡನೆಯ ವಾರ ನಮ್ಮವ್ವನ ಹೆಗಲು ಹಿಡಿದು, ಮೂರನೆಯ ವಾರ ಬರೀ ಮಾತು ಹಿಡಿದು. ಇಬ್ಬರೂ ನಮ್ಮ ಮನೆ, ಅವರ ಮನೆ, ಇಡೀ ಕಾಲನಿಯ ಲೆಕ್ಕ ತೆಗೆಯುತ್ತ ನಡೆಯುವಾಗ ಮಾಸ್ತರರೂ ನಾನೂ ಕಟ್ಟೆಯ ಮೇಲೆ ಕುಳಿತು ಹುಲ್ಲು ಸವೆಯುವುದನ್ನು ನೋಡುತ್ತಿದ್ದೆವು. ಅವರ ಹಾಸಿನ ನಡುವೆ, ನನ್ನ ಕರಕಿಯ ನಡುವೆ ಒಂದು ಮಣ್ಣಿನ ಬೈತಲೆ ಬಿತ್ತು. ಅಂಕ ಕೊಡುವುದನ್ನು ನಿಲ್ಲಿಸಿದೆ. ಎಲ್ಲಿಯವರೆಗೆ ಯಾರದೆಂದು ಅಳೆಯುವುದಕ್ಕೆ ಕಲ್ಲೇ ಇರಲಿಲ್ಲ.

"ನಿಮ್ಮ ಕಡೆ ಜಾಸ್ತಿ ಸವದೈತಿ," ಎಂದರು ಮಾಸ್ತರರು ಒಂದು ಸಂಜೆ.

"ನಿಮ್ಮ ಕಡೆ ಸುಟ್ಟಿದ್ದ ಕಾಣೂದಿಲ್ರಿ ಈಗ, ಅಷ್ಟ ಛಲೋ ಆತು."

ದೀಪಾವಳಿಗೆ ಎರಡು ದಿನ ಇರುವಾಗ ಅವರಿಬ್ಬರೂ ಮತ್ತೆ ವಿಜಯಪುರಕ್ಕೆ ಹೋದರು. ಅಂದು ನಾನು ಕಚೇರಿಯಿಂದ ಬೇಗ ಬಂದೆ. ಕಾರಣ ಕೇಳಿದವರಿಗೆ ನಳ ಬರುತ್ತದೆ ಎಂದೆ. ಅವ್ವ ಎರಡು ಸಲ ಚಹಾಕ್ಕೆ ನೀರಿಟ್ಟು ಎರಡು ಸಲ ಇಳಿಸಿದಳು.

ಸಂಜೆ ಅವರ ಗೇಟಿನ ಮುಂದೆ ಆಟೋ ನಿಂತಿತು. ಮಾಸ್ತರರು ವಾಕರನ್ನು ಮಡಚಿ ಬಗಲಲ್ಲಿ ಹಿಡಿದು ಇಳಿದರು. ಕಾಕು ಮನೆಯೊಳಗೆ ಹೋಗದೆ ಸೀದಾ ನಮ್ಮ ಬಾಗಿಲಿಗೆ ಬಂದಳು.

"ಬ್ಯಾಡಂದ್ರವಾ," ಎಂದಳು ಅವ್ವನಿಗೆ. "ಮಲಗಸೂದ ಬ್ಯಾಡ, ತಾನ ಮಡಚಾಕತ್ತೈತಿ ಅಂದ್ರು."

ಅವ್ವ ಅವಳ ಎರಡೂ ಕೈ ಹಿಡಿದುಕೊಂಡಳು. ಕಾಕು ಬಂದಿದ್ದು ಗಟ್ಟಿ ಹಿಮ್ಮಡಿಯ ಹೊಸ ಚಪ್ಪಲಿಯಲ್ಲಿ, ಆ ದಾರಿಯನ್ನೂ ಬಿಟ್ಟು, ನನ್ನ ಹುಲ್ಲು ಇನ್ನೂ ದಟ್ಟವಾಗಿ ಉಳಿದಿದ್ದ ಒಂದೇ ಒಂದು ಭಾಗದ ಮೇಲೆ. ನಾನು ಏನೋ ಹೇಳಲು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿದಳು. ಚಹಾಕ್ಕೆ ನೀರಿಡಲು ಒಳಗೆ ಹೋದೆ.