ಭಾಸ್ಕರಣ್ಣನ ನಾಡಿ

ಭಾಸ್ಕರಣ್ಣ ಎಲ್ಲಿ ನಿಂತರೂ ಅವರ ಬಲಗೈಯ ಎರಡು ಬೆರಳು ಎಡಗೈ ಮಣಿಕಟ್ಟಿನ ಮೇಲಿರುತ್ತಿದ್ದವು. ಡೊಂಬಿವಲಿಯಲ್ಲಿ ಲೋಕಲ್ ರೈಲು ಕಾಯುವಾಗಲೂ ಹಾಗೆ, ತಾವು ಮ್ಯಾನೇಜರ್ ಆಗಿದ್ದ ಠಾಣೆ ಊರಿನ ನೌಪಾಡಾದ ಹೋಟೆಲಿನಲ್ಲಿ ಗಿರಾಕಿಯ ಹತ್ತಿರ ಮಾತಾಡುವಾಗಲೂ ಹಾಗೆ. ನಮ್ಮ ರೈಲಿನ ಗುಂಪಿನವರು ಅವರಿಗೆ ‘ಡಾಕ್ಟರು’ ಅಂತ ಹೆಸರಿಟ್ಟಿದ್ದರು.

ಆಳನ್ನು ನೋಡಿದರೆ ಇವರಿಗೆ ಎದೆಯ ಹೆದರಿಕೆ ಅಂತ ಯಾರೂ ನಂಬಲಿಕ್ಕಿಲ್ಲ. ಐವತ್ತು ದಾಟಿತ್ತು. ಆದರೂ ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ಓಟ, ಭಾನುವಾರ ಹುಡುಗರ ಸಮಕ್ಕೆ ವಾಲಿಬಾಲ್. ಸ್ಟೇಷನ್ನಿನ ಮೆಟ್ಟಿಲಲ್ಲಿ ನಾನು ಏದುಸಿರು ಬಿಡುತ್ತಿದ್ದರೆ ಮೇಲೆ ನಿಂತು, "ಎಂತ ಮಾರಾಯ, ಊರಿಂದ ನಡ್ಕೊಂಡೇ ಬಂದದ್ದಾ?" ಅನ್ನುತ್ತಿದ್ದರು.

ಓಡುವಾಗ ಅವರ ಎದೆಗೆ ಏನೂ ಇಲ್ಲ. ರೈಲಿನ ಗರ್ದಿಯಲ್ಲಿ ಸುಮ್ಮನೆ ನಿಂತಾಗ ಮಾತ್ರ ಬಡಿತ ತಪ್ಪುತ್ತಿತ್ತು. ನನ್ನ ವಾಚಿಗೆ ಸೆಕೆಂಡಿನ ಮುಳ್ಳು ಇತ್ತೆಂದು ಕೈಯನ್ನು ನನ್ನ ಮುಂದೆ ಚಾಚುತ್ತಿದ್ದರು. "ನೋಡು, ಒಂದು ಬಿಟ್ಟಿತು. ಹೆದರಿದ್ದಕ್ಕೆ ತಪ್ತದಾ, ತಪ್ಪಿದ್ದಕ್ಕೆ ಹೆದರ್ತೇನಾ, ಒಂದೂ ಗೊತ್ತಾಗುದಿಲ್ಲ."

"ಟೆನ್ಶನ್ ಅಷ್ಟೇ ಭಾಸ್ಕರಣ್ಣ," ಅನ್ನುತ್ತಿದ್ದೆ. ಎಷ್ಟು ಸಲ ಅಂದೆನೋ.

ಡಾಕ್ಟರರೂ ಅದನ್ನೇ ಹೇಳಿದರು. ಇಸಿಜಿ ಸರಿ ಇದೆ, ಚೆನ್ನಾಗಿ ಓಡುವವರಲ್ಲಿ ಬಡಿತ ಹೀಗೆ ಹೆಚ್ಚು ಕಡಿಮೆ ಆಗುವುದುಂಟು, ಆತಂಕಕ್ಕೂ ಆಗುತ್ತದೆ. ಆದರೂ ಒಂದು ದಿನ ಮೆಷಿನ್ ಹಾಕಿ ನೋಡೋಣ ಅಂದರು. ಇಡೀ ದಿನ ಎದೆಬಡಿತ ಬರೆದುಕೊಳ್ಳುವ ಸಣ್ಣ ಪೆಟ್ಟಿಗೆ, ಎದೆಗೆ ಅಂಟಿಸಿದ ಐದಾರು ವೈರು. ಮರುದಿನ ಬೆಳಿಗ್ಗೆ ಭಾಸ್ಕರಣ್ಣ ಅದನ್ನು ಅಂಗಿಯೊಳಗೆ ಕಟ್ಟಿಕೊಂಡು ಪ್ಲಾಟ್‌ಫಾರ್ಮಿಗೆ ಬಂದರು.

ರೈಲು ಬರುವಾಗಲೇ ಬಾಗಿಲ ತುಂಬ ಜನ. ನಾನು ಹೇಳಿದೆ, "ಈ ಗರ್ದಿಯಲ್ಲಿ ವೈರೆಲ್ಲ ಕಿತ್ತು ಹೋಗ್ತದೆ. ಬಿಚ್ಚಿ ಬ್ಯಾಗಿಗೆ ಹಾಕಿ. ಠಾಣೆಯಲ್ಲಿ ಇಳಿದು ಸಿಕ್ಕಿಸಿಕೊಂಡರಾಯಿತು."

"ಅದೂ ಹೌದು," ಅಂದರು. ಚಹಾದಂಗಡಿಯ ಮರೆಯಲ್ಲಿ ನಿಂತು ನಾನೇ ಒಂದೊಂದಾಗಿ ವೈರು ಬಿಡಿಸಿದೆ. ಸಂಜೆ ವಾಪಸು ಬರುವಾಗಲೂ ಹಾಗೇ ಮಾಡಿದೆವು. ಅವರ ಬಡಿತ ಎಲ್ಲಿ ತಪ್ಪುತ್ತಿತ್ತೋ ಅಲ್ಲಿ ಮೆಷಿನ್ ಎದೆಯ ಮೇಲೆ ಇರಲೇ ಇಲ್ಲ. ಅಷ್ಟೂ ಬುದ್ಧಿ ಇಬ್ಬರಿಗೂ ಓಡಲಿಲ್ಲ.

ರಿಪೋರ್ಟಿನಲ್ಲಿ ನಡುನಡುವೆ ಖಾಲಿ ಇತ್ತು. ಡಾಕ್ಟರರು ಇನ್ನೊಮ್ಮೆ ಹಾಕೋಣ ಅಂದದ್ದಕ್ಕೆ ಇವರು, "ಬರೆದಷ್ಟರಲ್ಲಿ ನಾರ್ಮಲ್ ಉಂಟಲ್ಲ, ಸಾಕು," ಅಂದು ಬಂದರಂತೆ. ಮರುದಿನ ಗುಂಪಿಗೆಲ್ಲ ಪೇಡೆ ಹಂಚಿದರು. ಎರಡು ತಿಂಗಳು ಬೆರಳು ಮಣಿಕಟ್ಟಿಗೆ ಹೋಗಲಿಲ್ಲ.

ಆಮೇಲೆ ಒಂದು ಸೋಮವಾರ, ಮುಂಬ್ರಾ ಸ್ಟೇಷನ್ ದಾಟಿದ ಮೇಲೆ, ಜನರ ನಡುವಿಂದ ಅವರ ಎಡಗೈ ನನ್ನ ಕಡೆ ಬಂತು. ನನ್ನ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಯಾರದೋ ಬೆನ್ನಿನ ಹಿಂದೆ ಸಿಕ್ಕಿಬಿದ್ದಿತ್ತು. "ಇಳಿದ ಮೇಲೆ ನೋಡುವ," ಅಂದೆ. ತಲೆಯಾಡಿಸಿದರು.

ಠಾಣೆಯಲ್ಲಿ ಜನರೇ ಅವರನ್ನು ಇಳಿಸಿದರು. ಎರಡು ಹೆಜ್ಜೆ ನಡೆದು ಕೂತರು, ಮತ್ತೆ ಒರಗಿದರು. ಯಾರೋ ನೀರು ತಂದರು, ಯಾರೋ ಸ್ಟೇಷನ್ ಮಾಸ್ಟರರ ಹತ್ತಿರ ಓಡಿದರು. ನಾನು ಮಣಿಕಟ್ಟು ಹಿಡಿದು ವಾಚು ನೋಡಿದೆ. ಮುಳ್ಳು ಒಂದು ಸುತ್ತು ಬಂತು. ಇನ್ನೊಂದು ಸುತ್ತು ಕಾದೆ. ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ನನ್ನದೇ ಕೈಕಾಲು ಯಾರದೋ ಅನ್ನಿಸುತ್ತಿತ್ತು, ಅಷ್ಟೇ.

ಹದಿಮೂರನೆಯ ದಿನ ಊಟಕ್ಕೆ ಕೂತಾಗ ಅವರ ಹೆಂಡತಿ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತರು. "ಮೆಷಿನ್ನಲ್ಲಿ ಎಲ್ಲ ಸರಿ ಇತ್ತಲ್ಲ? ನೀವು ಜೊತೆಗೇ ಇದ್ದಿರಲ್ಲ ಆವತ್ತು?"

"ಹೌದು ಅತ್ತಿಗೆ," ಅಂದೆ. "ಎಲ್ಲ ಸರಿ ಇತ್ತು."

ಅವರು ಇನ್ನೊಂದು ಸೌಟು ಪಾಯಸ ಬಡಿಸಿದರು. ಅದನ್ನೂ ಉಂಡೆ.